ಪ್ರತಿರೋಧ: ಕನ್ನಡ ನಾಡಿನ ಇತಿಹಾಸ, ರಾಜಕಾರಣ, ಸಾಹಿತ್ಯಗಳಲ್ಲಿ

ಅಧಿಕಾರವೋ ಆಚಾರವೋ ಅಭಿಪ್ರಾಯವೋ ತನ್ನ ಮಾತೇ ಕೊನೆಯೆಂದು ಕೂತಾಗ ಅದನ್ನು ಒಪ್ಪದವರು ಇಡುವ ಹೆಜ್ಜೆಗಳಿಗೆಲ್ಲ ಸೇರಿ ಪ್ರತಿರೋಧವೆಂದು ಹೆಸರು. ಕಂದಾಯ ಕಟ್ಟದಿರುವುದು, ಊರು ತೊರೆದು ಹೋಗುವುದು, ಆಯುಧ ಹಿಡಿಯುವುದು, ಶಾಸನಸಭೆಯಲ್ಲಿ ಎದುರು ಸಾಲಿನಲ್ಲಿ ಕೂರುವುದು, ಹಳೆಯ ಕಥೆಯನ್ನು ಬೇರೆ ಬಗೆಯಲ್ಲಿ ಹೇಳುವುದು, ಕೊಟ್ಟ ಪ್ರಶಸ್ತಿಯನ್ನು ಹಿಂದಿರುಗಿಸುವುದು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಈ ಲೇಖನ ಕನ್ನಡ ನಾಡಿನ ಪ್ರಸಂಗಗಳಿಗಷ್ಟೇ ಸೀಮಿತ. ಅವನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಲಕ್ಷಣ ಮತ್ತೆ ಮತ್ತೆ ಎದುರಾಗುತ್ತದೆ. ಇಲ್ಲಿ ಎದುರಾಳಿಯ ಸಾಧನವನ್ನು ಮುರಿದು ಎಸೆದವರು ಕಡಿಮೆ. ಅದನ್ನೇ ಕೈಗೆತ್ತಿಕೊಂಡು ಅವನ ಕಡೆಗೆ ತಿರುಗಿಸಿದವರು ಹೆಚ್ಚು. ಧಣಿಯ ಕೊಳಗ, ಸರ್ಕಾರದ ಜಪ್ತಿ, ಅಮಲ್ದಾರನ ಹುದ್ದೆ, ಪುರಾಣದ ನಾಯಕ ಇವೆಲ್ಲ ಹೀಗೆ ಕೈ ಬದಲಿಸಿವೆ.

ವಾದದ ಪರಂಪರೆ

ಎದುರಾಡುವುದಕ್ಕೂ ಒಂದು ಶಿಸ್ತು ಬೇಕೆಂಬ ತಿಳಿವಳಿಕೆ ಈ ನಾಡಿನ ಮಠಗಳಲ್ಲಿ ಹಳೆಯದು. ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷವನ್ನು ಎದುರಾಳಿಯೇ ಮೆಚ್ಚುವಷ್ಟು ಬಲವಾಗಿ ಮಂಡಿಸಬೇಕು, ಆಮೇಲೆ ಅದನ್ನು ಖಂಡಿಸಿ ಸಿದ್ಧಾಂತಕ್ಕೆ ಬರಬೇಕು. ವಿಜಯನಗರ ಕಾಲದ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಅದ್ವೈತವನ್ನು ಖಂಡಿಸಿದ್ದು ಹೀಗೆಯೇ. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ ಬರೆದರು, ಅದಕ್ಕೆ ಪ್ರತ್ಯುತ್ತರವಾಗಿ ದ್ವೈತದ ಕಡೆಯಿಂದ ‘ನ್ಯಾಯಾಮೃತ ತರಂಗಿಣಿ’ ಬಂತು. ತಲೆಮಾರುಗಳನ್ನು ದಾಟಿ ನಡೆದ ಈ ಜಗಳದಲ್ಲಿ ಎರಡೂ ಕಡೆಯವರು ಪರಸ್ಪರರ ಗ್ರಂಥಗಳನ್ನು ಪಂಕ್ತಿ ಪಂಕ್ತಿಯಾಗಿ ಓದಿದ್ದರು. ಇಂದಿನ ವಿಧಾನಸೌಧದ ಚರ್ಚೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಮಠದ ವಾದಕ್ಕೆ ಜನರ ನಡುವೆ ಸಿಕ್ಕ ರೂಪ ಕರಾವಳಿಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಪ್ರಸಂಗದ ಕೊನೆಯಲ್ಲಿ ಯಾರು ಗೆಲ್ಲಬೇಕೆಂಬುದು ಎಲ್ಲರಿಗೂ ಗೊತ್ತು. ಆದರೂ ವಾಲಿಯ ಪ್ರಶ್ನೆಗೆ ರಾಮನ ಬಾಯಿಂದ ಒಪ್ಪುವಂಥ ಉತ್ತರ ಬಾರದಿದ್ದರೆ ಆ ರಾತ್ರಿಯ ಗೆಲುವು ವಾಲಿಯದೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ರಾವಣ, ಮಾಗಧ, ವಾಲಿಗಳ ಪರವಾಗಿ ಆಡಿದ ಮಾತಿಗಾಗಿಯೇ ಹೆಸರಾದರು.

ಕಲ್ಯಾಣ

12ನೆಯ ಶತಮಾನದ ಶರಣ ಚಳವಳಿ ಈ ಚರಿತ್ರೆಯ ದೊಡ್ಡ ಅಧ್ಯಾಯ. ಅದರ ವಿಶೇಷವೆಂದರೆ ಚಳವಳಿಯ ಮುಂದಾಳು ಅರಮನೆಯ ಹೊರಗಿನವನಲ್ಲ. ಬಸವಣ್ಣ ಕಳಚುರಿ ಬಿಜ್ಜಳನ ಭಂಡಾರಿ. ಸಂಸ್ಕೃತ ಶಾಸ್ತ್ರಕ್ಕೆ, ದೇಗುಲದ ವ್ಯವಸ್ಥೆಗೆ, ಜಾತಿಯ ಮೇಲುಕೀಳಿಗೆ ಶರಣರು ಎದುರಿಟ್ಟದ್ದು ಆಡುಮಾತಿನ ವಚನವನ್ನು. ಅಂಬಿಗ, ಮಾದಾರ, ಮಡಿವಾಳ, ಕಸ ಗುಡಿಸುವ ಹೆಣ್ಣುಮಗಳು ಎಲ್ಲರೂ ತಮ್ಮ ಕಸುಬಿನ ಮಾತಿನಲ್ಲೇ ದೇವರನ್ನೂ ದೊರೆಯನ್ನೂ ಪ್ರಶ್ನಿಸಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಮಾತು ಕೃತಿಯಾಯಿತು, ಅರಮನೆ ಸಹಿಸಲಿಲ್ಲ. ಬೀಗರಿಬ್ಬರನ್ನೂ ಎಳೆಹೂಟೆಯ ಶಿಕ್ಷೆಗೆ ಒಳಪಡಿಸಲಾಯಿತೆಂದು ಪರಂಪರೆ ಹೇಳುತ್ತದೆ. 1167-68ರ ಹೊತ್ತಿಗೆ ಬಿಜ್ಜಳನ ಕೊಲೆಯಾಗಿ ಶರಣರು ಚದುರಿಹೋದರು.

ರಾಜಕೀಯವಾಗಿ ಇದು ಸೋಲು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಮೇಲೆ ಕಲ್ಯಾಣ ಎರಡನೆಯ ಬಾರಿಗೆ ಹುಟ್ಟಿತು. ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಮೂರೂ ನಾಟಕಗಳು ಒಂದೇ ಘಟನೆಯನ್ನು ಹಿಡಿದು ಮೂರು ಬೇರೆ ಕಾಲದ ಪ್ರಶ್ನೆಗಳನ್ನು ಕೇಳಿವೆ.

ಕಂದಾಯ, ಕೂಟ, ದಂಗೆ

ಅಚ್ಚಾದ ಚರಿತ್ರೆಯಲ್ಲಿ ರೈತನ ಪ್ರತಿರೋಧ ಹೆಚ್ಚಾಗಿ ಕಾಣುವುದು ಅವನನ್ನು ಅಡಗಿಸಿದವರ ಬರವಣಿಗೆಯಲ್ಲಿ. 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ತೆರಿಗೆಗಳ ವಿರುದ್ಧ ಮೈಸೂರು ಸೀಮೆಯ ರೈತರು ಎದ್ದದ್ದು ನಮಗೆ ತಿಳಿದಿರುವುದು ಮುಖ್ಯವಾಗಿ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್‌ನಿಂದ. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ, ಇನ್ನು ಉಳುವುದಿಲ್ಲವೆಂದು ಜನ ಸಾರಿದರೆಂದು ಅವನು ಬರೆಯುತ್ತಾನೆ. ಚಳವಳಿಯ ಹಿಂದಿದ್ದ ನಾನೂರಕ್ಕೂ ಹೆಚ್ಚು ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಲಾಯಿತೆಂಬುದೂ ಅವನ ಬರಹದಲ್ಲೇ ಇದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ತಲೆಕೆಳಗಾದ ನೇಗಿಲನ್ನು ಕಟ್ಟಿ ಹೇಳಲು ಅವನಿಗೆ ಕಾರಣವಿರಲಿಲ್ಲ. ಅದೇ ದೊರೆಯ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತಾಧರ್ಮವನ್ನು ಬೋಧಿಸಲೆಂದೇ ಹುಟ್ಟಿದ ಆ ಸಾಂಗತ್ಯದ ನಡುವೆ, ಹೆಣ್ಣೆಂದು ಹೀಗಳೆಯುವವರನ್ನು ಹೆತ್ತದ್ದೂ ಹೆಣ್ಣೇ ಅಲ್ಲವೇ ಎಂಬ ಪ್ರಶ್ನೆಯನ್ನು ಅವಳು ಇಟ್ಟುಬಿಟ್ಟಿದ್ದಾಳೆ. ಆಸ್ಥಾನ ಅದನ್ನು ಗಮನಿಸಿತೋ ಇಲ್ಲವೋ, ಓದುಗರು ಉಳಿಸಿಕೊಂಡದ್ದು ಆ ಪ್ರಶ್ನೆಯನ್ನೇ.

1830-31ರ ನಗರ ದಂಗೆಗೆ ಮೂಲ ಕಂದಾಯ ವಸೂಲಿಯ ಶರತ್ತು ಪದ್ಧತಿ. ಇಷ್ಟು ಹಣ ಕೊಡುತ್ತೇನೆಂದು ಅಮಲ್ದಾರ ಮುಮ್ಮಡಿ ಕೃಷ್ಣರಾಜ ಒಡೆಯರ ಸರ್ಕಾರಕ್ಕೆ ಬರೆದುಕೊಡುತ್ತಿದ್ದ, ಕೊರತೆ ಬಿದ್ದರೆ ರೈತನನ್ನು ಹಿಂಡುತ್ತಿದ್ದ. ಮಲೆನಾಡಿನ ರೈತರು ಕೂಟ ಸೇರಿದರು. ಕೂಟವೆಂದರೆ ಊರೂರಿಗೆ ಓಲೆ ಕಳಿಸಿ ಒಂದೆಡೆ ಕೂಡುವುದು, ಕಂದಾಯ ಕೊಡುವುದಿಲ್ಲವೆಂದು ಒಕ್ಕೊರಲಿನಿಂದ ಹೇಳುವುದು, ಮಾತುಕತೆಗೆ ಅಧಿಕಾರಿಯನ್ನೇ ಅಲ್ಲಿಗೆ ಕರೆಸುವುದು. ಮೊದಮೊದಲು ಇಲ್ಲಿ ರಕ್ತಪಾತವಿರಲಿಲ್ಲ. ನಗರದ ಸಿಂಹಾಸನ ತನ್ನದೆಂದ ಬೂದಿ ಬಸವಪ್ಪ, ತರೀಕೆರೆಯ ಪಾಳೆಯಗಾರ ಮನೆತನದ ಸರ್ಜಾ ಹನುಮಪ್ಪ ನಾಯಕ ಸೇರಿಕೊಂಡ ಮೇಲೆ ಅದು ಯುದ್ಧವಾಯಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ. ಅರಸು ಮನೆತನಕ್ಕೆ ಅದು ಮರಳಿದ್ದು 1881ರಲ್ಲಿ. ಅಮಲ್ದಾರನ ವಿರುದ್ಧ ಹೂಡಿದ ಜಗಳದ ಲಾಭ ಐವತ್ತು ವರ್ಷ ಬ್ರಿಟಿಷರಿಗೆ ಸಂದಿತು.

ಕಿತ್ತೂರು ಚೆನ್ನಮ್ಮನ 1824ರ ಯುದ್ಧ, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ, ಕೊಡಗು ಕಂಪನಿಯ ಕೈಸೇರಿದ ಮೇಲೆ 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನೇ ಕೆಲವು ದಿನ ಹಿಡಿದಿದ್ದ ರೈತ ಪಡೆ ಇವು ಪಠ್ಯಪುಸ್ತಕಗಳಿಂದ ಎಲ್ಲರಿಗೂ ಪರಿಚಿತ. 1857ರ ಕೊನೆಯಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದ್ದು ಅಷ್ಟೇ ಪ್ರಸಿದ್ಧವಾಗಲು ಕಾರಣ ಒಂದು ಲಾವಣಿ. ಊರನ್ನು ಸುಟ್ಟ ಸರ್ಕಾರದ ನೌಕರನೇ ಆಗಿದ್ದ, ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್ ಅದನ್ನು ರಾಯಣ್ಣನ ಲಾವಣಿಯೊಂದಿಗೆ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ. ಗಲ್ಲಿಗೇರಿದವರ ಹೆಸರುಗಳು ಹಾಡಿನಿಂದ ಅಚ್ಚಿಗೆ ಬಂದದ್ದು ಹೀಗೆ.

ಬಾವುಟ ಮತ್ತು ಕೊಳಗ

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಎದುರಾಳಿಯೂ ಒಬ್ಬನಾಗಿರಲಿಲ್ಲ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪು ತಯಾರಿಸಿದರು. ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡರು. ಮೈಸೂರಿನಲ್ಲಿ ಜಗಳ ಬಾವುಟದ್ದು. ಮದ್ದೂರು ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧ ಮುರಿದು ಧ್ವಜವೇರಿಸಿದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಹಲವರು ಸತ್ತರು. ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಅರಸರ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದಾಯಿತು. ಎರಡು ಬಾವುಟ ಅಕ್ಕಪಕ್ಕ ಹಾರಿಸುವ ರಾಜಿ ಮೈಸೂರಿಗೆ ತಕ್ಕದ್ದೇ ಆಗಿತ್ತು.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಅಂಥ ರಾಜಿಗೆ ಹೋಗಲಿಲ್ಲ. ತಮ್ಮ ಊರು ಸ್ವತಂತ್ರವೆಂದು ಘೋಷಿಸಿ, ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿ, ಊರಿನ ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿದರು. ಸರ್ಕಾರವನ್ನು ಧಿಕ್ಕರಿಸುವುದಕ್ಕೂ ಅವರಿಗೆ ಸರ್ಕಾರದ ಹುದ್ದೆಗಳೇ ಬೇಕಾದವು. ಆಟದ ಅಮಲ್ದಾರನಿದ್ದ ಊರಿಗೆ ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಪೊಲೀಸರೊಂದಿಗೆ ಬಂದಾಗ ಗಲಭೆಯಾಗಿ ಅವನೂ ಸಬ್ ಇನ್‌ಸ್ಪೆಕ್ಟರನೂ ಸತ್ತರು. ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಅದೇ ತಿಂಗಳ 29ರಂದು, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರಿಗೆ ಕಣ್ಣೂರಿನಲ್ಲಿ ಗಲ್ಲಾಯಿತು. ಕಯ್ಯೂರಿಗೆ ನಿರಂಜನರ ‘ಚಿರಸ್ಮರಣೆ’ ಎಂಬ ಕಾದಂಬರಿ ದೊರೆಯಿತು. ಈಸೂರಿಗೆ ದೊರೆತದ್ದು ಒಂದು ಘೋಷಣೆ: ಏಸೂರು ಕೊಟ್ಟರೂ ಈಸೂರು ಕೊಡೆವು.

ಸ್ವಾತಂತ್ರ್ಯ ಬಂದ ಮೇಲೂ ಗೇಣಿದಾರನ ಎದುರಾಳಿ ಬದಲಾಗಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಒಡೆಯರು ತಮ್ಮ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಸರ್ಕಾರಿ ಅಳತೆಯ ಕೊಳಗದಲ್ಲೇ ಅಳೆಯಬೇಕೆಂಬುದು ದೀವರ ಗೇಣಿದಾರರ ಬೇಡಿಕೆ. ಅಳತೆಯ ಜೊತೆಗೆ, ಒಡೆಯರ ಮುಂದೆ ಹೇಗೆ ನಿಲ್ಲಬೇಕು, ಹೇಗೆ ಉಡಬೇಕು ಎಂಬ ಕಟ್ಟಳೆಗಳ ಸಿಟ್ಟೂ ಅದರಲ್ಲಿ ಸೇರಿತ್ತು. ಎಚ್. ಗಣಪತಿಯಪ್ಪನವರ ಸಂಘಟನೆಯಲ್ಲಿ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಒಕ್ಕಲೆಬ್ಬಿಸಿದ ಗದ್ದೆಗೇ ನೇಗಿಲು ಹೊತ್ತು ಇಳಿಯುವುದು, ಉಳುವುದು, ಬಂಧನಕ್ಕೆ ಒಳಗಾಗುವುದು ಅದರ ಕ್ರಮ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದ ಮೇಲೆ ಊರಿನ ಜಗಳ ದೇಶಕ್ಕೆ ತಿಳಿಯಿತು. ತಕ್ಷಣಕ್ಕೆ ರೈತರಿಗೆ ಸಿಕ್ಕಿದ್ದು ಕಡಿಮೆ. ಆದರೆ ಚಳವಳಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸನಸಭೆಗೆ ಆಯ್ಕೆಯಾದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಜಾರಿಗೆ ತಂದ ತಿದ್ದುಪಡಿ ಉಳುವವನಿಗೆ ಹೊಲದ ಒಡೆತನ ಕೊಟ್ಟಿತು. ಎರಡರ ನಡುವೆ ನೇರ ಗೆರೆ ಎಳೆಯುವುದು ಅತಿಸರಳ, ಆದರೆ ಕಾಗೋಡು ಇಲ್ಲದೆ ಆ ಕಾಯ್ದೆಯ ಕಥೆ ಹೇಳಲಾಗುವುದಿಲ್ಲ.

ಸದನದ ಎದುರು ಸಾಲು

ಮೈಸೂರಿನಲ್ಲಿ ಸರ್ಕಾರದ ಮುಂದೆ ನಿಂತು ದೂರು ಹೇಳುವ ಏರ್ಪಾಟು 1881ರ ಪ್ರಜಾಪ್ರತಿನಿಧಿ ಸಭೆಯಿಂದ ಶುರು. ದಿವಾನ್ ರಂಗಾಚಾರ್ಲು ದಸರೆಯ ಸಮಯದಲ್ಲಿ 144 ಮಂದಿಯನ್ನು ಸೇರಿಸಿ ಆಡಳಿತದ ಲೆಕ್ಕ ಓದಿದರು. ಸದಸ್ಯರು ಅಹವಾಲು ಹೇಳಬಹುದಿತ್ತು, ತಡೆಯುವ ಅಧಿಕಾರವಿರಲಿಲ್ಲ. ಸಂಸ್ಥಾನದಲ್ಲಿ ಹೆಚ್ಚು ಫಲ ಕೊಟ್ಟ ವಿರೋಧ ಮನವಿಪತ್ರದ್ದು: 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಸರ್ಕಾರಿ ನೌಕರಿಯಲ್ಲಿ ಒಂದೇ ಜಾತಿ ತುಂಬಿದೆಯೆಂದು ಅರಸರ ಮುಂದೆ ಹೋಯಿತು. ಮರುವರ್ಷ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರು. ಮೀಸಲಾತಿಯ ಮೊದಲ ಪಾಠಗಳು ಇಲ್ಲಿವೆ.

ಸ್ವತಂತ್ರ ಭಾರತದಲ್ಲಿ 1983ರವರೆಗೆ ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬರಲಿಲ್ಲ. ಹೀಗಾಗಿ ಮೂರು ದಶಕ ವಿರೋಧ ಪಕ್ಷವೆಂಬುದು ಅಧಿಕಾರಕ್ಕೆ ಕಾಯುವವರ ಸಾಲಾಗಿರದೆ ಕೆಲವರ ವೃತ್ತಿಯೇ ಆಗಿತ್ತು. ಗೋಪಾಲಗೌಡರು ಅದರ ಒಳ್ಳೆಯ ಮಾದರಿ. ಅವರ ಬದುಕಿನ ನೆರಳಿನಲ್ಲಿ ಅನಂತಮೂರ್ತಿಯವರು ‘ಅವಸ್ಥೆ’ ಬರೆದರು. ತುರ್ತುಪರಿಸ್ಥಿತಿಯಲ್ಲಿ ಸದನಕ್ಕೆ ಬದಲು ಸೆರೆಮನೆ ವಿರೋಧದ ಜಾಗವಾಯಿತು. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧಿತರಾಗಿ ನಗರದ ಕೇಂದ್ರ ಕಾರಾಗೃಹ ಸೇರಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಕಾರಾಗೃಹದಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಆ ಕಾರಾಗೃಹದ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ. 2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆಗಳಿಗೆ ಅವಕಾಶವಿರುವುದು ಅಲ್ಲಿ ಮಾತ್ರ. ಹಿಂದೆ ಪ್ರತಿಭಟಿಸಿದ ಮೇಲೆ ಅಲ್ಲಿಗೆ ಒಯ್ಯುತ್ತಿದ್ದರು, ಈಗ ಪ್ರತಿಭಟಿಸಬೇಕಾದರೆ ಅಲ್ಲಿಗೇ ಹೋಗಬೇಕು.

1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಲ ತೋರಿಸಲು ಬಿಡದೆ ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದಿತು. ಬೊಮ್ಮಾಯಿಯವರ ಕುರ್ಚಿ ಮರಳಲಿಲ್ಲ. ಬೇರೆ ರಾಜ್ಯಗಳ ಎಷ್ಟೋ ಸರ್ಕಾರಗಳು ಈ ತೀರ್ಪಿನಿಂದ ಉಳಿದುಕೊಂಡವು. ಸದನದ ಬಾವಿಗಿಳಿಯುವುದು, ಸಭಾತ್ಯಾಗ, ಅಹೋರಾತ್ರಿ ಧರಣಿ ಈಗ ರೂಢಿಯ ಮಾತುಗಳು. ಅವುಗಳಲ್ಲಿ ಎದ್ದು ಕಾಣುವುದು 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರ ನೇತೃತ್ವದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ನಡೆದ ಪಾದಯಾತ್ರೆ. ಇನ್ನೊಂದೆಡೆ, 2008ರಿಂದ ‘ಆಪರೇಷನ್ ಕಮಲ’ ಎಂಬ ಹೆಸರಿನಲ್ಲಿ ಮನೆಮಾತಾದ ಉಪಾಯವಿದೆ: ಎದುರು ಸಾಲಿನ ಶಾಸಕ ರಾಜೀನಾಮೆ ಕೊಟ್ಟು, ಆಳುವ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದು ಅದೇ ಸದನಕ್ಕೆ ಬರುತ್ತಾನೆ. ಪಕ್ಷಾಂತರ ನಿಷೇಧ ಕಾಯ್ದೆ ಅದನ್ನು ತಡೆಯಲಾರದೆ ಹೋಗಿದೆ.

ಹಸಿರು ಶಾಲು, ಹಸಿರು ಕಾಡು

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದರು, ಗೋಲಿಬಾರಾಯಿತು. ಅದೇ ವರ್ಷ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿ ಮುಂತಾದವರು ರಾಜ್ಯ ರೈತ ಸಂಘ ಕಟ್ಟಿದರು. ಅನುಮತಿಯಿಲ್ಲದೆ ವಸೂಲಿ ಅಧಿಕಾರಿಗಳು ಒಳಗೆ ಬರಕೂಡದೆಂಬ ಫಲಕ ಊರೂರಿನ ಬಾಗಿಲಲ್ಲಿ ಎದ್ದಿತು. ಸಂಘದ ಅತ್ಯಂತ ಜಾಣ ಅಸ್ತ್ರ ಮರುಜಪ್ತಿ. ಸಾಲಕ್ಕೆಂದು ಅಧಿಕಾರಿಗಳು ಹೊತ್ತೊಯ್ದ ಪಾತ್ರೆ, ಪಂಪುಸೆಟ್ಟು, ಟ್ರ್ಯಾಕ್ಟರುಗಳನ್ನು ನೂರಾರು ಮಂದಿ ಹಾಡಹಗಲೇ ಹೋಗಿ ವಾಪಸು ತರುತ್ತಿದ್ದರು. ಕದ್ದು ತಂದರೆ ಕಳ್ಳತನ; ಸಾರಿ ಹೇಳಿ, ಜಪ್ತಿಯ ರೀತಿಯಲ್ಲೇ ಮೆರವಣಿಗೆಯಲ್ಲಿ ತಂದರೆ ಅದು ರಾಜಕೀಯ. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟಾಗ ಆ ನಾಜೂಕು ಉಳಿದಿರಲಿಲ್ಲ, ಆದರೆ ಜಾಗತಿಕ ಸುದ್ದಿಯಾಗಿದ್ದು ಅದೇ.

ಕಾಡಿನ ಕಡೆ, 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯವರು ಕಡಿಯಲು ಬಂದವರ ಮುಂದೆ ಮರಗಳನ್ನು ಅಪ್ಪಿ ನಿಂತರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಹಳ್ಳಿಗರು ಗೋಮಾಳದಲ್ಲಿ ಕಾರ್ಖಾನೆಗೆಂದು ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಅದೇ ಗುಣಿಗಳಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದೇ ಅದಕ್ಕೆ ಹೆಸರಾಯಿತು.

ಕಾವ್ಯದಲ್ಲಿ ಎದುರಾಳಿ

ವೈರಿಯ ಗುಣವನ್ನು ಹೊಗಳಿದಷ್ಟೂ ನಾಯಕನ ಗೆಲುವು ದೊಡ್ಡದಾಗುತ್ತದೆಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಹೇಳಿದ. ಕನ್ನಡ ಕವಿಗಳು ಆ ಸಲಹೆಯನ್ನು ಅವನು ಬಯಸಿದ್ದಕ್ಕಿಂತ ಮುಂದಕ್ಕೆ ಒಯ್ದರು. ಪಂಪ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಬರೆದ ಕಾವ್ಯದಲ್ಲಿ ಮನಸ್ಸು ಕರ್ಣನ ಕಡೆ ವಾಲುತ್ತದೆ. ರನ್ನನಿಗೆ ಆಶ್ರಯ ಕೊಟ್ಟ ಸತ್ಯಾಶ್ರಯ ಭೀಮನಾಗಿದ್ದಾನೆ. ಓದಿ ಮುಗಿಸಿದವರಿಗೆ ನೆನಪಲ್ಲಿ ನಿಲ್ಲುವವನು ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣ ಕೊನೆಗೆ ಮನಸ್ಸು ಬದಲಿಸಿ, ಯುದ್ಧದಲ್ಲಿ ಗೆದ್ದು ಆಮೇಲೆ ಸೀತೆಯನ್ನು ಒಪ್ಪಿಸುತ್ತೇನೆಂದುಕೊಳ್ಳುತ್ತಾನೆ. ಆಶ್ರಯದಾತನನ್ನು ನೇರವಾಗಿ ಎದುರಿಸಲಾಗದ ಕವಿಗೆ ಖಳನ ಪಾತ್ರ ಬಿಡುವು ಕೊಟ್ಟಿರಬೇಕು.

ಕನಕದಾಸರ ‘ರಾಮಧಾನ್ಯ ಚರಿತೆ’ ಇನ್ನೊಂದು ಬಗೆ. ಭತ್ತವೂ ರಾಗಿಯೂ ಶ್ರೇಷ್ಠತೆಗಾಗಿ ರಾಮನ ಮುಂದೆ ಜಗಳವಾಡುತ್ತವೆ. ಸಿರಿವಂತರ ಮನೆಯ ಅನ್ನವೆಂದು ಭತ್ತ ಬೀಗಿದರೆ, ಬರಗಾಲದಲ್ಲಿ ಬಡವರನ್ನು ಉಳಿಸುವವರು ಯಾರೆಂದು ರಾಗಿ ಕೇಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಹಾಗೇ ಉಳಿಯುತ್ತದೆ. ಜಾತಿಯ ಹೆಸರೆತ್ತದೆ ಜಾತಿಯ ಬಗ್ಗೆ ಬರೆದ ಕನ್ನಡದ ಅತ್ಯುತ್ತಮ ಕಾವ್ಯ ಇದು. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಮರೆಮಾಚಲಿಲ್ಲ: ಅಲ್ಲಿ ರಾಮ ಶಂಬೂಕನನ್ನು ಕೊಲ್ಲುವುದಿಲ್ಲ, ಅವನ ಬಾಣ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗಿ ಬುದ್ಧಿ ಕಲಿಸುತ್ತದೆ. ಹಳೆಯ ಕಥೆಯನ್ನು ಹೀಗೆ ತಿರುಗಿಸುವ ಬದಲು ಹೊಸ ಕಥೆ ಬರೆಯಬಹುದಿತ್ತಲ್ಲ ಎಂಬುದು ಮಾಸ್ತಿಯವರ ಆಕ್ಷೇಪ. ಹೊಸ ಕಥೆ ಬರೆದಿದ್ದರೆ ಆಕ್ಷೇಪಿಸಲು ಯಾರೂ ಇರುತ್ತಿರಲಿಲ್ಲ.

ಬೂಸಾದಿಂದ ಬಂಡಾಯಕ್ಕೆ

1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಭೆಯೆದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಪೆಟ್ಟಿನಿಂದ ಬಿ. ಕೃಷ್ಣಪ್ಪನವರ ಮುಂದಾಳತ್ವದ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಬೇಕೆಂದು ಕೇಳಿದಾಗ ಪರಿಷತ್ತು ಒಪ್ಪಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬೇರೆಯೇ ಸಮ್ಮೇಳನ ಸೇರಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಮರುವರ್ಷ ಶುರುವಾದ, ಜಾಹೀರಾತಿಗೆ ಕೈ ಚಾಚದ ‘ಲಂಕೇಶ್ ಪತ್ರಿಕೆ’ ಹೊಸ ಬರಹಗಾರರಿಗೆ ಜಾಗ ಕೊಟ್ಟಿತು; ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ಅದರಲ್ಲೇ. ಬಾನು ಮುಷ್ತಾಕ್ ಬೆಳೆದದ್ದೂ ಈ ಬಂಡಾಯದ ವಾತಾವರಣದಲ್ಲಿ. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಬಂಡಾಯದ ಕವಿತೆಗಳಲ್ಲಿ ಎಷ್ಟೋ ಘೋಷಣೆಯಾಗಿಯೇ ಉಳಿದವು ಎಂಬ ಟೀಕೆ ಸುಳ್ಳಲ್ಲ. ಅದು ಉಳಿಸಿದ್ದು ಕಥೆಗಳನ್ನು, ಆತ್ಮಕಥೆಗಳನ್ನು.

2015ರ ಆಗಸ್ಟ್ 30ರಂದು ಸಂಶೋಧಕ ಎಂ. ಎಂ. ಕಲಬುರ್ಗಿಯವರ ಹತ್ಯೆಯಾದ ಬಳಿಕ ಚಂದ್ರಶೇಖರ ಪಾಟೀಲರು ಪಂಪ ಪ್ರಶಸ್ತಿಯನ್ನು, ದೇವನೂರ ಮಹಾದೇವ ಪದ್ಮಶ್ರೀ ಹಾಗೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಸಾಹಿತ್ಯ ಪರಿಷತ್ತು ಮತ್ತು ಬಂಡಾಯದ ನಡುವಿನ ಹಳೆಯ ಜಗಳ ಅಷ್ಟರಲ್ಲಿ ಬೇರೆ ತಿರುವು ಪಡೆದಿತ್ತು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು 2015ರಲ್ಲಿ ಶ್ರವಣಬೆಳಗೊಳದಲ್ಲಿ ಸಿದ್ಧಲಿಂಗಯ್ಯ, 2016ರಲ್ಲಿ ರಾಯಚೂರಿನಲ್ಲಿ ಬರಗೂರು ರಾಮಚಂದ್ರಪ್ಪ, 2017ರಲ್ಲಿ ಮೈಸೂರಿನಲ್ಲಿ ಚಂದ್ರಶೇಖರ ಪಾಟೀಲ ವಹಿಸಿದರು. ಮೂವರೂ 1979ರಲ್ಲಿ ಹೊರಗೆ ನಿಂತಿದ್ದವರು.